ಶೀತ ಬಿಟ್ಟ ಮೇಲೆ ಕಾಲಿಗೆ ಬರುವ ನೇರಳೆ ಚುಕ್ಕೆ

ಕಕ್ಕಡದ (ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ಕೊಡವ ತಿಂಗಳು) ಮಳೆಯಲ್ಲಿ ಕೊಡಗಿನ ಮಡಿಕೇರಿ, ಭಾಗಮಂಡಲದ ಕಡೆ ಕೆಮ್ಮು ಕೇಳದ ಮನೆ ಕಡಿಮೆ. ಜ್ವರದ ಬೆನ್ನಿಗೇ ಕೆಲವು ಮಕ್ಕಳಿಗೆ ಮೈಮೇಲೆ ದದ್ದು ಏಳುತ್ತದೆ. ಮುಲಾಮು ಹುಡುಕುವ ಮೊದಲು ಗಾಜಿನ ಲೋಟವೊಂದನ್ನು ದದ್ದಿನ ಮೇಲೆ ಒತ್ತಿ, ಗಾಜಿನ ಮೂಲಕ ನೋಡಿ. ಮೈಬಣ್ಣ ಕಪ್ಪಿದ್ದರೆ ಅಂಗೈ, ಅಂಗಾಲು, ಕೆಳರೆಪ್ಪೆಯ ಒಳಭಾಗವನ್ನೂ ನೋಡಿ.

ಒತ್ತಿದಾಗ ಕೆಂಪು ಮಾಯವಾದರೆ ರಕ್ತ ನಾಳದೊಳಗೇ ಇದೆ. ಹೆಚ್ಚಿನವು ಇದೇ ಬಗೆ. ಪಿತ್ತಗಂಧೆಯೋ ಎಂಬ ಅನುಮಾನ ಬಂದರೆ ದದ್ದಿನ ಸುತ್ತ ಪೆನ್ನಿನಲ್ಲಿ ಗೆರೆ ಎಳೆದು ಹೊತ್ತು ಬರೆದಿಡಿ. 24 ಗಂಟೆಯೊಳಗೆ ಅಲ್ಲಿಯದು ಅಳಿಸಿ ಬೇರೆಡೆ ಎದ್ದರೆ ಅದೇ. ತುಟಿ, ನಾಲಿಗೆ ಊದಿದರಂತೂ ತಡಮಾಡದೆ ಆಸ್ಪತ್ರೆ. ದಡಾರದ ದಾರಿ ಬೇರೆ: ಕಣ್ಣು ಕೆಂಪು, ಮೂಗು ಸೋರಿಕೆ, ಮೂರು-ನಾಲ್ಕು ದಿನ ಜ್ವರ, ಆಮೇಲೆ ಕಿವಿಯ ಹಿಂದೆ ಶುರುವಾಗಿ ದದ್ದು ಕೆಳಗಿಳಿಯುತ್ತದೆ. ದದ್ದು ಎದ್ದ ಮೇಲೆ ಇನ್ನೂ 4 ದಿನ ಅಂಗನವಾಡಿಗೆ ಕಳಿಸಬಾರದು.

ಒತ್ತಿದರೂ ಬಣ್ಣ ಹೋಗದಿದ್ದರೆ ರಕ್ತ ನಾಳದಿಂದ ಹೊರಗೆ ಸೋರಿದೆ. ಜೋರಾಗಿ ಕೆಮ್ಮಿದ ಮಗುವಿಗೆ ಮುಖ, ಕುತ್ತಿಗೆಯಲ್ಲಷ್ಟೇ ಸಣ್ಣ ಚುಕ್ಕೆ ಬರುವುದುಂಟು. ಎದೆಯಿಂದ ಕೆಳಗೂ ಇದ್ದು, ಜ್ವರವಿದ್ದು ಮಗು ಮಂಕಾಗಿದ್ದರೆ ಬೆಳಗಾಗಲಿ ಎಂದು ಕೂರಬೇಡಿ.

ಇಲ್ಲಿ ಹೆಚ್ಚು ತಪ್ಪಿಹೋಗುವುದು ಇನ್ನೊಂದು. ಶೀತ ವಾಸಿಯಾಗಿ ಒಂದೆರಡು ವಾರದ ಮೇಲೆ ಎರಡೂ ಕಾಲು, ಕುಂಡಿಯ ಮೇಲೆ ನೇರಳೆ ಚುಕ್ಕೆಗಳು. ಸವರಿದರೆ ಕೈಗೆ ಉಬ್ಬು ಸಿಗುತ್ತದೆ. ಜೊತೆಗೆ ಪಾದದ ಗಂಟು ಊತ, ಹೊಟ್ಟೆನೋವು. ಹೆಸರು ಐಜಿಎ ವ್ಯಾಸ್ಕುಲೈಟಿಸ್, ಅಂದರೆ ಸಣ್ಣ ರಕ್ತನಾಳಗಳ ಉರಿಯೂತ. ತೋಟದಲ್ಲಿ ಓಡಾಡಿದ ಮಗುವಲ್ಲವೇ, ಜಿಗಣೆ ಎಂದು ಬಿಟ್ಟುಬಿಡುತ್ತಾರೆ. ಜಿಗಣೆ ಕಚ್ಚಿದ್ದರೆ ನಡುವೆ ಮೂರು ಕವಲಿನ ಗಾಯವಿರುತ್ತದೆ, ತುರಿಸುತ್ತದೆ, ಎರಡೂ ಕಾಲಿಗೆ ಹೀಗೆ ಸಮನಾಗಿ ಹರಡುವುದಿಲ್ಲ.

ಈ ವ್ಯಾಸ್ಕುಲೈಟಿಸ್‌ನಲ್ಲಿ ಪ್ಲೇಟ್‌ಲೆಟ್ (ರಕ್ತ ಹೆಪ್ಪುಗಟ್ಟಿಸುವ ಕಣ) ಸರಿಯಾಗಿಯೇ ಇರುತ್ತದೆ. ಆ ರಿಪೋರ್ಟ್ ನೋಡಿ ನಿರಾಳವಾಗಬೇಡಿ, ಪೆಟ್ಟು ಬೀಳುವುದು ಮೂತ್ರಪಿಂಡಕ್ಕೆ. ಚುಕ್ಕೆ ಮಾಸಿದರೂ ಮೂತ್ರ ಪರೀಕ್ಷೆ, ಬಿಪಿ ಬೇಕು: ಮೊದಲು ವಾರಕ್ಕೊಮ್ಮೆ, ಆಮೇಲೆ ತಿಂಗಳಿಗೊಮ್ಮೆ, ಒಟ್ಟು 6 ತಿಂಗಳು. ಮೂತ್ರದ ಬಣ್ಣ ನೋಡಿ ತೀರ್ಮಾನಿಸುವುದಂತೂ ಕೊಡಗಿನಲ್ಲಿ ಇನ್ನೂ ಕಷ್ಟ. ಕಕ್ಕಡ 18ಕ್ಕೆ ಮದ್ದುಸೊಪ್ಪಿನ ಪಾಯಸ ತಿಂದವರ ಮೂತ್ರ ಹೇಗೂ ಕೆಂಪಾಗುತ್ತದೆ. ಈ ಕಾಯಿಲೆಯಲ್ಲೋ, ರಕ್ತ ಹೋಗುತ್ತಿದ್ದರೂ ಎಷ್ಟೋ ಸಲ ಕಣ್ಣಿಗೆ ಕಾಣುವುದಿಲ್ಲ. ಲ್ಯಾಬಿನವರು ಕೆಂಪು ರಕ್ತಕಣ, ಪ್ರೋಟೀನ್ ಎರಡನ್ನೂ ನೋಡಲಿ.

ಮಾತ್ರೆಯಿಂದಲೂ ದದ್ದು ಬರುತ್ತದೆ. ಜ್ವರ ಬಂದ ದಿನ, ಆ್ಯಂಟಿಬಯೋಟಿಕ್ ಶುರುವಾದ ದಿನ, ದದ್ದು ಎದ್ದ ದಿನ ಮೂರನ್ನೂ ಚೀಟಿಯಲ್ಲಿ ಬರೆದು ವೈದ್ಯರಿಗೆ ಕೊಡಿ. ಬಾಯಿ, ಕಣ್ಣಿನಲ್ಲಿ ಹುಣ್ಣಾಗಿ ಚರ್ಮ ಮುಟ್ಟಿದರೆ ನೋಯುವಂತಿದ್ದರೆ ಆ ಮಾತ್ರೆಯ ಮುಂದಿನ ಡೋಸ್ ಕೊಡದೆ ಹೊರಡಿ.

ಇನ್ನು ಚಳಿಯೆಂದು ದಿನವಿಡೀ ಒಲೆ ಮುಂದೆ ಕೂರುವ ಹಿರಿಯರ ಮೊಣಕಾಲ ಕೆಳಗಿನ ಬಲೆಯಂಥ ಕಂದು ಕಲೆ ಶಾಖದ್ದು, ಸೋಂಕಿನದಲ್ಲ. ಕಲೆ ಹೊಸತಾಗಿದ್ದರೆ, ಕುರ್ಚಿ ಹಿಂದಕ್ಕೆ ಎಳೆದ ಮೇಲೆ ನಿಧಾನಕ್ಕೆ ಮಾಸುತ್ತದೆ.