ಎಲ್ಲ ಗಿಡಕ್ಕೂ ಹೆಸರಿದೆಯಲ್ಲ ಸರ್, ಇನ್ನೇನು ಹುಡುಕ್ತೀರಿ?

ಧಾರವಾಡದಲ್ಲಿ ಸಸ್ಯಶಾಸ್ತ್ರ ಪಾಠ ಮಾಡುವ ನನಗೆ ಮದುವೆಮನೆಯಲ್ಲೂ, ಬಸ್ಸಿನಲ್ಲೂ ಈ ಪ್ರಶ್ನೆ ತಪ್ಪಿದ್ದಲ್ಲ.

ಎಲ್ಲ ಗಿಡಕ್ಕೂ ಹೆಸರು ಇಟ್ಟಾಗಿಲ್ಲ. ಪಶ್ಚಿಮ ಘಟ್ಟದಲ್ಲಿ ಈಗಲೂ ಹೊಸ ಜಾತಿಗಳು ಸಿಗುತ್ತಲೇ ಇವೆ. ಆದರೆ ನನ್ನ ಹುಡುಕಾಟ ಅದಲ್ಲ. ನಾವು ಬೆಳೆಯುವ ಬೆಳೆಗಳಿಗೆ ಕಾಡು ನೆಂಟರಿದ್ದಾರೆ. ನನಗೆ ಬೇಕಾದದ್ದು ಅವು. ಹೊಲದ ಬದು, ಹಳ್ಳದ ದಂಡೆ, ಗುಡ್ಡದ ಬುಡ, ಇಂಥ ಕಡೆ ಇರ್ತವೆ. ರೈತರು ಕಸ ಅಂತಾರೆ. ಅವರ ಹೊಲಕ್ಕೆ ಅದು ಕಸವೇ ಅಲ್ವಾ?

ಬೆಂಡೆಕಾಯಿಯನ್ನೇ ತಗೊಳ್ಳಿ. ಬಿಳಿನೊಣ ಹರಡುವ ಹಳದಿ ನಂಜು ರೋಗ ಬಂದರೆ ಎಲೆಯ ನರಗಳೆಲ್ಲ ಹಳದಿಯಾಗಿ, ಕಾಯಿ ಬಿಳಿಚಿ, ಸಂತೆಯಲ್ಲಿ ಯಾರೂ ಕೇಳೋದಿಲ್ಲ. ಈ ರೋಗ ತಡೆಯುವ ಗುಣ ಇದ್ದದ್ದು ಅಬೆಲ್ಮೋಸ್ಕಸ್ ಟೆಟ್ರಾಫಿಲಸ್ ಎಂಬ ಕಾಡು ಬೆಂಡೆಯಲ್ಲಿ. ಬೆಂಗಳೂರಿನ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಅದನ್ನು ಊಟದ ಬೆಂಡೆ ಜೊತೆ ಕೂಡಿಸಿ ‘ಅರ್ಕಾ ಅನಾಮಿಕ’ ತಳಿ ತಂದರು. ಆದರೆ ವೈರಸ್ ಸುಮ್ನೆ ಕೂರೋದಿಲ್ಲ, ಬದಲಾಗ್ತಾ ಹೋಗುತ್ತೆ. ಹಾಗಾಗಿ ಮತ್ತೆ ಬದುವಿಗೇ ಹೋಗಬೇಕು.

ಅಲ್ಲಿ ಹೋದರೆ ಕಾಡು ಬೆಂಡೆ ಅನ್ನಿಸಿಕೊಳ್ಳುವ ಗಿಡ ಒಂದೇ ಇಲ್ಲ! ನಾನು ಮೊದಲು ಹೂವಿನ ಕೆಳಗೆ ನೋಡ್ತೇನೆ. ಟೆಟ್ರಾಫಿಲಸ್‌ಗೆ ಅಲ್ಲಿ ಅಗಲವಾದ ನಾಲ್ಕೈದು ಎಸಳಿನಂಥವು ಇರ್ತವೆ. ಕಸ್ತೂರಿ ಬೆಂಡೆಗೆ ಅವೇ ಸಪೂರ, ಸಂಖ್ಯೆಯೂ ಜಾಸ್ತಿ. ಎರೆಮಣ್ಣಿನಲ್ಲಿ ಬರುವ ಫಿಕುಲ್ನಿಯಸ್ ಎಂಬ ಇನ್ನೊಂದು ಕಾಡು ಬೆಂಡೆಗೆ ಹೂ ಅರಳುವಷ್ಟರಲ್ಲಿ ಅವು ಉದುರಿಹೋಗಿರ್ತವೆ, ಮೊಗ್ಗಿನಲ್ಲೇ ನೋಡಬೇಕು. ಇಲ್ಲಿ ತಪ್ಪಿ ಬೇರೆ ಬೀಜ ಕಳಿಸಿದರೆ ತಳಿ ಮಾಡುವವರ ವರ್ಷಗಟ್ಟಲೆ ದುಡಿಮೆ ಮಣ್ಣುಪಾಲು.

ಹತ್ತಿಯಲ್ಲಿ ಇನ್ನೂ ಕಷ್ಟ. ನಮ್ಮ ನಾಟಿ ಜಯಧರ ಹತ್ತಿಯ ಜೀವಕೋಶದಲ್ಲಿ 26 ಕ್ರೋಮೋಸೋಮು, ಅಂದರೆ ಗುಣಗಳನ್ನು ಹೊತ್ತ ಎಳೆಗಳು, ಅಮೆರಿಕದ ಹತ್ತಿಯಲ್ಲಿ 52. ಇವೆರಡನ್ನು ನೇರವಾಗಿ ಕೂಡಿಸಿದರೆ ಹುಟ್ಟುವ ಗಿಡ ಬೀಜ ಕಟ್ಟೋದಿಲ್ಲ. ಧಾರವಾಡದ ಕೃಷಿ ವಿಜ್ಞಾನಿಗಳು 1972ರಲ್ಲಿ ವರಲಕ್ಷ್ಮಿ, 1981ರಲ್ಲಿ ಡಿಸಿಎಚ್-32 ಎಂಬ ಹೈಬ್ರಿಡ್ ಹತ್ತಿಗಳನ್ನು ತಂದದ್ದು 52 ಕ್ರೋಮೋಸೋಮಿನದೇ ಎರಡು ಬೇರೆ ಜಾತಿ ಕೂಡಿಸಿ. ಯಾರು ಯಾರಿಗೆ ನೆಂಟರು ಅಂತ ಗೊತ್ತಿಲ್ಲದೆ ಇಂಥ ಕೆಲಸಕ್ಕೆ ಕೈಹಾಕೋಕಾಗಲ್ಲ.

‘ಇದರಲ್ಲಿ ನೌಕರಿ ಸಿಗುತ್ತಾ?’ ಅಂತ ಪಾಲಕರು ಕೇಳ್ತಾರೆ. ಹುದ್ದೆ ಕಡಿಮೆ. ಗಿಡ ಗುರುತಿಸಬಲ್ಲವರು ಇನ್ನೂ ಕಡಿಮೆ.

ಮಳೆಗಾಲ ಮುಗಿಯುವಾಗ ಹೂ ನೋಡಿಬಂದ ಜಾಗಕ್ಕೆ ಕಾಯಿ ಒಣಗಿದ ಮೇಲೆ ಬೀಜಕ್ಕೆ ಮತ್ತೆ ಹೋಗ್ತೇವೆ. ಬೀಜ ಕಾಪಿಡುವ ಜೀನ್ ಬ್ಯಾಂಕಿನಲ್ಲಿ ಸೊನ್ನೆಗಿಂತ 18 ಡಿಗ್ರಿ ಕೆಳಗಿನ ತಂಪಿನಲ್ಲಿ ಆ ಬೀಜ ದಶಕಗಟ್ಟಲೆ ಉಳಿಯುತ್ತೆ. ಆದರೆ ಎಷ್ಟೋ ಕಡೆ ನಾವು ಹೋಗುವಷ್ಟರಲ್ಲಿ ಬದುವಿಗೆ ಕಳೆನಾಶಕ ಬಿದ್ದಿರುತ್ತೆ. ಇಲ್ಲವೇ ಟ್ರ್ಯಾಕ್ಟರ್ ತಿರುಗಲಿ ಅಂತ ಬದುವನ್ನೇ ತೆಗೆದಿರ್ತಾರೆ. ‘ಕಾಯಿ ಒಣಗೋವರೆಗೆ ಎಣ್ಣೆ ಹೊಡೀಬೇಡ್ರಿ’ ಅಂತ ಕೇಳಿಕೊಂಡರೆ ಕೆಲವರು ಒಪ್ತಾರೆ. ಕೆಲವರು ‘ಹಂಗಾರ ಬದುವಿನ ಬಾಡಿಗಿ ಕೊಡ್ತೀರೇನ್ರಿ ಸರ್?’ ಅಂತಾರೆ. ನನ್ನ ಪ್ರಕಾರ ಕೊಡಲೇಬೇಕು. ನಾನಲ್ಲ, ಸರ್ಕಾರ.