ಎರಡು ಬೆಳಕು ಕಾಣಬೇಕು

ಕೊಡಗಿನ ಕೈಲ್‌ಪೊಳ್ದ್ ಹಬ್ಬಕ್ಕೆ ಹದಿನೈದು ದಿನ ಇದೆ ಅನ್ನುವಾಗ ನಮ್ಮ ಅಂಗಡಿಯಲ್ಲಿ ನಿಲ್ಲಲು ಜಾಗ ಇರುವುದಿಲ್ಲ. ಸೆಪ್ಟೆಂಬರ್ 3ಕ್ಕೆ ಆಯುಧಗಳಿಗೆ ಪೂಜೆ. ವರ್ಷವಿಡೀ ಗೋಡೆ ಮೇಲಿದ್ದ ಕೋವಿಗಳೆಲ್ಲ ಆಗ ಕೆಳಗಿಳಿಯುತ್ತವೆ. ಮಳೆ ಇನ್ನೂ ಪೂರ್ತಿ ಬಿಟ್ಟಿರುವುದಿಲ್ಲ. ನಳಿಗೆಗೆ ತುಕ್ಕು, ಮರಕ್ಕೆ ಬೂಷ್ಟು, ಚರ್ಮದ ಪಟ್ಟಿಗೆ ಇಲಿ. ಎಲ್ಲವೂ ನನ್ನ ಮೇಜಿಗೆ ಬರುತ್ತದೆ. ನಾನು ವಿರಾಜಪೇಟೆಯ ಒಂದು ಅಂಗಡಿಯಲ್ಲಿ ಕೋವಿ ರಿಪೇರಿ ಮಾಡುವವನು. ಊರು ಸೋಮವಾರಪೇಟೆ ಕಡೆ.

ಐದು ವರ್ಷದ ಹಿಂದೆ ಇಂಥದ್ದೇ ಗಡಿಬಿಡಿಯ ಒಂದು ಬೆಳಿಗ್ಗೆ ಹಿರಿಯರೊಬ್ಬರು ಬಂದರು. ಎಪ್ಪತ್ತು ದಾಟಿದ್ದರು, ಮಿಲಿಟರಿಯಲ್ಲಿದ್ದು ಬಂದವರು. ನನಗೆ ಮೊದಲಿನಿಂದಲೂ ಪರಿಚಯ, ಮಾವ ಅಂತಲೇ ಕರೆಯುವುದು. ಕಂಬಳಿಯಲ್ಲಿ ಸುತ್ತಿದ್ದ 12 ಬೋರಿನ ಜೋಡಿ ನಳಿಗೆಯನ್ನು ಮೇಜಿನ ಮೇಲಿಟ್ಟರು. ಹಳೇ ವೆಬ್ಲಿ ಅಂಡ್ ಸ್ಕಾಟ್, ಅವರ ಅಪ್ಪನ ಕಾಲದ್ದು.

"ಲಿವರ್ ಬಿಗಿಯಾಗಿದೆ ಮಾರಾಯ, ತೆಗೆಯೋಕೇ ಆಗ್ತಿಲ್ಲ."

"ಖಾಲಿ ಇದೆ ಅಲ್ವಾ ಮಾವ?"

"ಇಲ್ಲದೆ ನಿನ್ನ ಹತ್ರ ತರ್ತೀನಾ?"

ಅಷ್ಟೇ. ನಾನು ಕೋವಿ ತೆರೆಯುವ ಆ ಲಿವರ್ ಸಂದಿಗೆ ಎರಡು ಹನಿ ಎಣ್ಣೆ ಬಿಟ್ಟು, ಇಳಿಯಲಿ ಅಂತ ಕೋವಿಯನ್ನು ಸ್ಟ್ಯಾಂಡಿನ ಮೇಲೆ ಅಡ್ಡ ಮಲಗಿಸಿದೆ. ಅದರ ಬಾಯಿ ಎದುರಿನ ಬೆಂಚಿನ ಕಡೆ. ಕೆಲಸ ಕಲಿಯಲು ಬಂದಿದ್ದ ಹುಡುಗ ದಿನವಿಡೀ ಅದೇ ಬೆಂಚಿನ ಮೇಲೆ ಕೂತು ಬೇರೆ ಕೋವಿಯ ತುಕ್ಕು ಉಜ್ಜುತ್ತಿದ್ದ. ಟೀ ಕುಡಿದದ್ದೂ ಅಲ್ಲೇ.

ಸಂಜೆ ಲಿವರ್ ಬಿಟ್ಟಿತು. ಕೋವಿ ಮುರಿದು, ಅಂದರೆ ನಳಿಗೆಯನ್ನು ಕೀಲಿನಲ್ಲಿ ಬಗ್ಗಿಸಿ ತೆರೆದು, ಹಿಂದಿನಿಂದ ನೋಡಿದೆ. ಬಲಗಡೆ ನಳಿಗೆಯಲ್ಲಿ ದುಂಡನೆ ಬೆಳಕು ಕಾಣಿಸಿತು. ಎಡಗಡೆ ಹಿತ್ತಾಳೆ.

ತೋಟಾದ ಹಿತ್ತಾಳೆ ತಲೆ ಅದು. ನಡುವೆ ಪೆಟ್ಟು ಬಿದ್ದಾಗ ಕಿಡಿ ಕೊಡುವ ಕೇಪಿನ ಮೇಲೆ ಒಂದು ಗೀರೂ ಇರಲಿಲ್ಲ. ಈಡು ಹಾರದ, ಜೀವ ಇರುವ ತೋಟಾ. ಹುಡುಗ ಏನಾಯ್ತಣ್ಣಾ ಅಂದ. ಏನಿಲ್ಲ, ನೀನು ಮೊದಲು ಅಲ್ಲಿಂದ ಏಳು ಅಂದೆ. ತೋಟಾ ಹೊರಗೆ ತೆಗೆಯುವಾಗ ನನ್ನ ಬೆರಳು ಎರಡು ಸಲ ಜಾರಿತು.

ಆಮೇಲೆ ವಿಚಾರಿಸಿದರೆ ಕಥೆ ಸಣ್ಣದು. ಗದ್ದೆಗೆ ಹಂದಿ ಬಂದಿದೆ ಅಂತ ರಾತ್ರಿ ಎರಡು ತೋಟಾ ತುಂಬಿದ್ದರು. ಹೆದರಿಸಲು ಒಂದು ಈಡು ಹೊಡೆದರು. ಖಾಲಿಯಾದದ್ದನ್ನು ತೆಗೆದು, ಮತ್ತೆ ಬಂದರೆ ಇರಲಿ ಅಂತ ಇನ್ನೊಂದನ್ನು ಬಿಟ್ಟರು. ಬೆಳಿಗ್ಗೆ ಕೋವಿಯನ್ನು ಗೋಡೆಗೆ ಹಾಕಿದ್ದು ಮಗ. ಅಪ್ಪ ತೆಗೆದಿದ್ದಾರೆ ಅಂತ ಮಗ, ಮಗ ತೆಗೆದಿದ್ದಾನೆ ಅಂತ ಅಪ್ಪ. ಆಮೇಲೆ ಮಳೆಗೆ ಲಿವರ್ ಹಿಡಿದುಕೊಂಡಿತು.

ಅವರ ತಪ್ಪು ಅಂತ ನಾನು ಹೇಳುವುದಿಲ್ಲ. ಸಂಬಳ ತೆಗೆದುಕೊಳ್ಳುವವನು ನಾನು. ಲಿವರ್ ಬಿಡದ ಕೋವಿ ಅಂದರೆ ಒಳಗೆ ಏನಿದೆ ಅಂತ ಯಾರೂ ನೋಡಿಲ್ಲ ಅಂತಲೇ ಅರ್ಥ. ಅದು ನನಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ ಅನ್ನುವುದಕ್ಕಿಂತ, ಮಾವನ ಮಾತಿನ ಮೇಲೆ ಇನ್ನೊಂದು ಮಾತು ಆಡಲು ಸಂಕೋಚವಾಯಿತು ಅನ್ನುವುದೇ ಸರಿ.

ಈ ಸಂಕೋಚ ನಮ್ಮ ಕೊಡಗಿನಲ್ಲಿ ಸ್ವಲ್ಪ ಜಾಸ್ತಿ. ಇಲ್ಲಿ ಕೋವಿ ಮನೆಯ ಹಿರಿಯನಿದ್ದ ಹಾಗೆ. ಗಂಡು ಮಗು ಹುಟ್ಟಿದರೆ ಒಂದು ಈಡು, ಸಾವಾದರೆ ಎರಡು. ಸುಗ್ಗಿ ಹಬ್ಬ ಪುತ್ತರಿಯಲ್ಲಿ ಕದಿರು ಕೊಯ್ಯುವಾಗಲೂ ಒಂದು. ಕೊಡವರಿಗೂ ಜಮ್ಮಾ (ವಂಶಪಾರಂಪರ್ಯದ ಜಮೀನು) ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದಲೂ ಲೈಸೆನ್ಸಿನ ವಿನಾಯಿತಿ ಇದೆ. ಈಗಿನದು 2029ರ ಅಕ್ಟೋಬರ್ 31ರವರೆಗೆ. ಹುಟ್ಟಿದಾಗಿನಿಂದ ಗೋಡೆ ಮೇಲೆ ನೋಡಿದ ವಸ್ತುವನ್ನು ಯಾರು ಅನುಮಾನದಿಂದ ನೋಡುತ್ತಾರೆ? ಅಜ್ಜ ಖಾಲಿ ಅಂದರೆ ಖಾಲಿ.

ಆ ಸಂಜೆಯ ನಂತರ ಅಂಗಡಿಯಲ್ಲಿ ಒಂದೇ ಒಂದು ಪದ್ಧತಿ ಬದಲಾಯಿತು. ಯಾರೇ ಕೋವಿ ತರಲಿ, ಅವರ ಕಣ್ಣೆದುರೇ ಮುರಿಯುತ್ತೇವೆ. ನಾನು ನೋಡುತ್ತೇನೆ, ತಂದವರೂ ನೋಡುತ್ತಾರೆ. ಎರಡು ನಳಿಗೆ, ಎರಡು ಬೆಳಕು. ಆಮೇಲೆ ರಿಜಿಸ್ಟರಿನಲ್ಲಿ ಹೆಸರು. ಮೊದಮೊದಲು ಕೆಲವರು ಮುಖ ಗಂಟಿಕ್ಕಿದರು. "ನನ್ನ ಮಾತು ನಂಬಲ್ವಾ?" ಅಂದವರೂ ಇದ್ದಾರೆ. ನಿಮ್ಮನ್ನು ನಂಬುತ್ತೇನೆ ಮಾವ, ನಿಮ್ಮ ಕೋವಿಯನ್ನು ನಂಬುವುದಿಲ್ಲ ಅಂತ ನಗುತ್ತಾ ಹೇಳಿದರೆ ಆಗುತ್ತದೆ. ನಗುವುದು ಮುಖ್ಯ.

ಬೆಳಕು ನೋಡುವುದರಿಂದ ಇನ್ನೊಂದು ಲಾಭವೂ ಆಯಿತು. ತೋಟಾ ಇಲ್ಲದಿದ್ದರೂ ನಳಿಗೆ ಕಟ್ಟಿರಬಹುದು. ಗೋಡೆಯಲ್ಲಿ ತೂಗಿದ ಕೋವಿಯೊಳಗೆ ಕಣಜ ಮಣ್ಣಿನ ಗೂಡು ಕಟ್ಟಿದ್ದನ್ನು ನಾನೇ ಎಷ್ಟೋ ಸಲ ತೆಗೆದಿದ್ದೇನೆ. ಸಿಮೆಂಟಿನ ಹಾಗೆ ಗಟ್ಟಿ. ಅದರ ಮೇಲೆ ಈಡು ಹೊಡೆದರೆ ಚರೆಗೆ ಮುಂದೆ ದಾರಿ ಇಲ್ಲ, ನಳಿಗೆಯೇ ಬಿರಿಯುತ್ತದೆ. ಬಿರಿಯುವುದು ಹೆಚ್ಚಾಗಿ ಅಡ್ಡಿ ಇರುವ ಕಡೆಗೇ. ಹಬ್ಬದ ದಿನ ಇನ್ನೊಂದು ರಗಳೆ. ಮನೆಯ ದೇವರ ಕೋಣೆ ಕನ್ನಿ ಕೋಂಬರೆಯಲ್ಲಿ ಪೂಜೆಗಿಟ್ಟ ಕೋವಿಯ ಬಾಯಿಗೆ ತೋಕ್ ಪೂ ಸಿಕ್ಕಿಸುತ್ತಾರೆ. ಕೆಂಪು ಹಳದಿಯ ಆ ಹೂ ಕೋವಿಗೆ ಎಷ್ಟು ಚೆಂದ! ಆಮೇಲೆ ತೆಂಗಿನಕಾಯಿಗೆ ಗುರಿ ಇಡುವ ಗಡಿಬಿಡಿಯಲ್ಲಿ ಹೂ ಎಳೆದು ಬಿಸಾಡುತ್ತಾರೆ, ತೊಟ್ಟು ಒಳಗೇ ಉಳಿದಿರುತ್ತದೆ. ಹೂ ತೆಗೆದ ಮೇಲೆ ಕೋವಿ ಮುರಿದು ಒಮ್ಮೆ ಆಕಾಶದ ಕಡೆ ಹಿಡಿದು ನೋಡಿ. ಬೆಳಕು ದುಂಡಗೆ, ಪೂರ್ತಿ ಇರಬೇಕು. ಅರ್ಧ ಚಂದ್ರ ಕಂಡರೆ ತುಂಬಬೇಡಿ.

ಬಾಯಿಯಿಂದ ಮದ್ದು ಗುಂಡು ತುಂಬುವ ಕೇಪಿನ ಕೋವಿಯಲ್ಲಿ ಬೆಳಕು ಕಾಣುವುದಿಲ್ಲ, ಹಿಂದುಗಡೆ ಮುಚ್ಚಿರುತ್ತದೆ. ಅದಕ್ಕೆ ಮದ್ದು ಒತ್ತುವ ಗಜದ ಕೋಲೇ ಅಳತೆ. ಮೊದಲು ಕೇಪು ತೆಗೆಯಿರಿ. ಕೋವಿಯ ಬಾಯಿಗೆ ಮುಖ ಕೊಡದೆ ಪಕ್ಕಕ್ಕೆ ನಿಂತು, ಕೋಲನ್ನು ಮೆಲ್ಲಗೆ ಒಳಗೆ ಇಳಿಸಿ, ಬಾಯಿಯ ಮಟ್ಟಕ್ಕೆ ಬೆರಳು ಹಿಡಿದು ಗುರುತು ಮಾಡಿಕೊಳ್ಳಿ. ಹೊರಗೆ ತೆಗೆದು ಅದೇ ಅಳತೆಗೆ ನಳಿಗೆಯ ಹೊರಗಡೆ ಇಟ್ಟು ನೋಡಿ. ತುದಿ ಕೇಪು ಕೂರುವ ಜಾಗದವರೆಗೆ ಬಂದರೆ ಖಾಲಿ. ನಾಲ್ಕು ಬೆರಳು ಮೊದಲೇ ನಿಂತರೆ ಒಳಗೆ ಮದ್ದು ಗುಂಡು ಕೂತಿದೆ. ಕೇಪು ಇಲ್ಲ, ಹಾಗಾಗಿ ಭಯ ಇಲ್ಲ ಅನ್ನುವವರಿದ್ದಾರೆ. ಕರಿಮದ್ದು ವರ್ಷಗಟ್ಟಲೆ ಕೂತರೂ ಸಾಯುವುದಿಲ್ಲ, ಒಂದು ಕಿಡಿ ಸಾಕು. ಅಂಥದ್ದನ್ನು ಮನೆಯಲ್ಲಿ ಕೆದಕಬೇಡಿ, ರಿಪೇರಿಯವರ ಹತ್ತಿರ ತನ್ನಿ. ತರುವಾಗ ಒಳಗಿದೆ ಅಂತ ಹೇಳಿಯೇ ತನ್ನಿ.

ಸೇಫ್ಟಿ ಹಾಕಿದ್ದೇನೆ ಅನ್ನುವ ಮಾತು ದಿನಾ ಕೇಳುತ್ತೇನೆ. ನಮ್ಮ ಕಡೆಯ ಹೆಚ್ಚಿನ ಜೋಡಿ ನಳಿಗೆಗಳಲ್ಲಿ ಆ ಗುಂಡಿ ಟ್ರಿಗರ್ ಒಂದನ್ನೇ ತಡೆಯುವುದು. ಕೇಪಿಗೆ ಬಡಿಯುವ ಒಳಗಿನ ಕುದುರೆ ಎದ್ದೇ ಇರುತ್ತದೆ. ಕೋವಿ ಕೈಜಾರಿ ಕಲ್ಲಿನ ಮೇಲೆ ಬಿದ್ದರೆ, ಸವೆದ ಹಲ್ಲು ಬಿಟ್ಟುಕೊಂಡು ಈಡು ಹಾರಬಹುದು. ತುಂಬಿದ ಕೋವಿ ಹಿಡಿದು ಉಣುಗೋಲು (ಅಡ್ಡಗೋಲಿನ ಗೇಟು) ದಾಟಬಾರದು, ಬೇಲಿ ಹತ್ತಬಾರದು ಅನ್ನುವುದು ಇದಕ್ಕೇ. ಮುರಿದು, ತೋಟಾ ಜೇಬಿಗೆ ಹಾಕಿ, ದಾಟಿ, ಮತ್ತೆ ತುಂಬಿ.

"ಹಂದಿ ಬಂದಾಗ ತುಂಬ್ತಾ ಕೂರೋಕಾಗುತ್ತಾ?" ಇದು ತೋಟದವರು ಖಾಯಂ ಕೇಳುವ ಪ್ರಶ್ನೆ. (ತೋಟಕ್ಕೂ ತೋಟಾಕ್ಕೂ ಒಂದು ದೀರ್ಘದ ವ್ಯತ್ಯಾಸ, ಫೋನಿನಲ್ಲಿ ಎಷ್ಟೋ ಸಲ ಎಡವಟ್ಟಾಗಿದೆ.) ನಾನೂ ಡಮ್ಮಿ ತೋಟಾ ಇಟ್ಟುಕೊಂಡು ಹುಡುಗನ ಕೈಗೆ ಮೊಬೈಲ್ ಕೊಟ್ಟು ಅಳೆದು ನೋಡಿದೆ. ಮುರಿದು, ಬೆಳಕು ನೋಡಿ, ಎರಡು ಹಾಕಿ ಮುಚ್ಚಲು ಎಂಟು ಸೆಕೆಂಡ್. ಅಷ್ಟರಲ್ಲಿ ಹಂದಿ ಎಲ್ಲಿಗೂ ಹೋಗುವುದಿಲ್ಲ. ಮನೆಯೊಳಗೆ ತುಂಬಬೇಡಿ, ಅಂಗಳ ದಾಟಿದ ಮೇಲೆ ತುಂಬಿ. ಮುಚ್ಚುವಾಗ ನಳಿಗೆಯನ್ನು ಮೇಲೆತ್ತಬೇಡಿ. ನಳಿಗೆ ನೆಲ ನೋಡುತ್ತಿರಲಿ, ಹಿಂದಿನ ಮರವನ್ನೇ ಎತ್ತಿ ಸೇರಿಸಿ. ಆಗ ಜಾರಿ ಹಾರಿದರೂ ಮಣ್ಣಿಗೆ ಹೋಗುತ್ತದೆ. ಬೆರಳು ಟ್ರಿಗರಿನ ಬಳೆಯ ಹೊರಗೇ. ಒತ್ತಿದಾಗ ಈಡು ಹಾರಲಿಲ್ಲ ಅಂದರೆ ತಕ್ಷಣ ಮುರಿಯಬೇಡಿ. ಅದೇ ದಿಕ್ಕಿಗೆ ಹಿಡಿದು ಅರ್ಧ ನಿಮಿಷ ಕಾಯಿರಿ, ತಡವಾಗಿ ಹಾರುವುದೂ ಇದೆ. ಮಳೆಗಾಲದ ಹಳೇ ಕಾಗದದ ತೋಟಾ ಊದಿಕೊಂಡು ಒಳಗೆ ಹೋಗದಿದ್ದರೆ ಅಲ್ಲಿಗೇ ಬಿಡಿ. ಗುದ್ದಿ ಕೂರಿಸಿದವರನ್ನು ನೋಡಿದ್ದೇನೆ.

ಮನೆಗೆ ಬಂದ ಮೇಲೆ ಕೋವಿ ಒಂದು ಕಡೆ, ತೋಟಾ ಬೀಗ ಹಾಕಿ ಇನ್ನೊಂದು ಕಡೆ. ಕೀಲಿ ಒಬ್ಬರ ಹತ್ತಿರ.

ಮಾವ ಈ ವರ್ಷವೂ ಬಂದರು. ಜೀಪಿನಿಂದ ಇಳಿದ ಕೂಡಲೇ ಬಾಗಿಲಲ್ಲೇ ಕೋವಿ ಮುರಿದು, ಒಳಗಿದ್ದ ಹುಡುಗನ ಕಡೆ ತಿರುಗಿ, "ಬಾ, ನೋಡು" ಅಂದರು. ಹುಡುಗ ನೋಡಿ "ಎರಡು" ಅಂದ. ಹಿಂದೆಯೇ ಅವರ ಸೊಸೆ ಇನ್ನೊಂದು ಕೋವಿ ಹಿಡಿದು ನಿಂತಿದ್ದರು, ತವರಿನದ್ದಂತೆ. ಅದನ್ನೂ ಮುರಿದು ಹಿಡಿದರು. ಹುಡುಗ ಬಗ್ಗಿ ನೋಡಿ ಗಾಬರಿಯಿಂದ, "ಒಂದೇ ಬೆಳಕು!" ಅಂದ.

"ಒಂಟಿ ನಳಿಗೆ ಕಣೋ ಅದು" ಅಂದರು ಸೊಸೆ.