ರೀಸೆಟ್ ಒತ್ತುವ ಮೊದಲು: ಮನೆಯ ನೆಟ್ ಎಲ್ಲಿ ಕಡಿದಿದೆ ಅಂತ ಹುಡುಕುವ ಬಗೆ

ನೆಟ್ ಹೋದ ಕೂಡಲೇ ರೌಟರಿನ ಹಿಂದಿರುವ ಸಣ್ಣ ತೂತಿಗೆ ಪಿನ್ ಚುಚ್ಚಬೇಡಿ. ರೀಸೆಟ್ ಆದರೆ ಸರ್ವಿಸ್‌ನವರ ಸರ್ವರಿಗೆ ಲಾಗಿನ್ ಆಗುವ ಪಿಪಿಪಿಒಇ ಯೂಸರ್‌ನೇಮ್, ಪಾಸ್‌ವರ್ಡ್, ವೈಫೈ ಹೆಸರು ಎಲ್ಲ ಅಳಿಸಿಹೋಗುತ್ತವೆ. ಅವನ್ನು ಎಲ್ಲಿಯೂ ಬರೆದಿಟ್ಟಿರದಿದ್ದರೆ, ಹತ್ತು ನಿಮಿಷದ ಕೆಲಸಕ್ಕೆ ಲೈನ್‌ಮನ್ ದಾರಿ ಕಾಯುತ್ತ ಕೂಡಬೇಕಾಗುತ್ತದೆ. ವಿಜಯಪುರ, ಬಾಗಲಕೋಟೆ ಕಡೆಯ ಮನೆಗಳಲ್ಲಿ ನೆಟ್ ಪದೇ ಪದೇ ಹೋಗುತ್ತಿದ್ದರೆ ನಾನು ಮೊದಲು ಅನುಮಾನಪಡುವುದು ಮನೆಯೊಳಗಿನ ಜೋಡಣೆಯನ್ನೇ. ಎಲ್ಲಿ ಕಡಿದಿದೆ ಎಂದು ಗೊತ್ತಾದ ಮೇಲಷ್ಟೇ ಕೈ ಹಾಕಬೇಕು.

ಮೊದಲು ಫೈಬರ್ ಬಂದು ಸೇರುವ ಡಬ್ಬಿಯ ದೀಪ ನೋಡಿ. ಪಾನ್ (PON) ಎಂಬ ದೀಪ ಹಸಿರಾಗಿ ನಿಂತಿದ್ದರೆ ಹೊರಗಿನ ತಂತಿ ಸರಿ ಇದೆ. ಲಾಸ್ (LOS) ಎಂಬ ದೀಪ ಕೆಂಪಾಗಿ ಮಿಣುಕುತ್ತಿದ್ದರೆ ಬೆಳಕೇ ಒಳಗೆ ಬರುತ್ತಿಲ್ಲ. ಆಗ ಕಂಪ್ಯೂಟರಿನಲ್ಲಿ ಏನು ಮಾಡಿದರೂ ವ್ಯರ್ಥ. ಫೈಬರ್ ಎಲ್ಲಾದರೂ ಕಪಾಟಿನ ಹಿಂದೆ ಒತ್ತಿದೆಯೇ, ಕಿಟಕಿಯ ಸಂದಿಯಲ್ಲಿ ಚೂಪಾಗಿ ಮಡಿಚಿದೆಯೇ ನೋಡಿ. ಡಬ್ಬಿಯ ಸೆಟ್ಟಿಂಗ್ ಪುಟದಲ್ಲಿ ಆಪ್ಟಿಕಲ್ ಪವರ್, ಅಂದರೆ ಒಳಗೆ ಬರುವ ಬೆಳಕಿನ ಬಲದ ಅಂಕಿ ಸಿಗುತ್ತದೆ. ಅದು ಮೈನಸ್ 15ರಿಂದ ಮೈನಸ್ 25 ಡಿಬಿಎಂ ನಡುವೆ ಇದ್ದರೆ ಚಿಂತೆಯಿಲ್ಲ. ಮೈನಸ್ 27ಕ್ಕಿಂತ ಕೆಳಗೆ ಇಳಿದರೆ ನೆಟ್ ಬಂದು ಬಂದು ಹೋಗುತ್ತದೆ. ಬಿಚ್ಚಿದ ಫೈಬರ್ ತುದಿಯನ್ನು ಕಣ್ಣಿಗೆ ಹಿಡಿದು ನೋಡಲೇಬೇಡಿ. ಆ ಬೆಳಕು ಕಾಣುವುದಿಲ್ಲ, ಆದರೆ ಕಣ್ಣಿಗೆ ಹಾನಿ ಮಾಡಬಲ್ಲದು.

ದೀಪಗಳು ಸರಿ ಇದ್ದರೆ ಕಂಪ್ಯೂಟರಿಗೆ ಬನ್ನಿ. ಕಮಾಂಡ್ ಪ್ರಾಂಪ್ಟ್ ತೆರೆದು ಐಪಿಕಾನ್ಫಿಗ್ (ipconfig) ಹೊಡೆಯಿರಿ. ವಿಳಾಸ 169.254ರಿಂದ ಶುರುವಾಗಿದ್ದರೆ ಕಂಪ್ಯೂಟರಿಗೆ ರೌಟರಿನಿಂದ ವಿಳಾಸವೇ ಸಿಕ್ಕಿಲ್ಲ. ವಿಳಾಸ ಸರಿ ಇದ್ದರೆ, ಅಲ್ಲೇ ಡಿಫಾಲ್ಟ್ ಗೇಟ್‌ವೇ ಎಂದು ತೋರಿಸುವ ಅಂಕಿಗೆ, ಅಂದರೆ ರೌಟರಿನ ವಿಳಾಸಕ್ಕೆ, ಪಿಂಗ್ ಮಾಡಿ (ping ಎಂದು ಬರೆದು ಆ ಅಂಕಿ ಹೊಡೆಯಿರಿ). ಉತ್ತರ ಬರದಿದ್ದರೆ ತೊಂದರೆ ವೈಫೈನಲ್ಲಿ ಅಥವಾ ಕೇಬಲ್‌ನಲ್ಲಿ. ಬಂದರೆ ಗೂಗಲ್‌ನ ಸರ್ವರ್ 8.8.8.8ಕ್ಕೆ ಪಿಂಗ್ ಮಾಡಿ. ಅದಕ್ಕೂ ಉತ್ತರ ಬಂದು, ಹೆಸರು ಹೊಡೆದಾಗ ಮಾತ್ರ ಸೈಟ್ ತೆರೆಯದಿದ್ದರೆ, ಹೆಸರನ್ನು ಅಂಕಿಯ ವಿಳಾಸವಾಗಿಸುವ ಡಿಎನ್‌ಎಸ್ ಕೆಟ್ಟಿದೆ. ರೌಟರಿನಲ್ಲಿ ಡಿಎನ್‌ಎಸ್ ಜಾಗಕ್ಕೆ 1.1.1.1 ಮತ್ತು 8.8.8.8 ಹಾಕಿದರೆ ಸಾಕು.

ಇನ್ನು ನಮ್ಮ ಕಡೆಯ ಮನೆಗಳಲ್ಲಿ ಬಹಳ ಕಾಣುವ ತೊಂದರೆಗೆ ಬರೋಣ. ಕಲ್ಲು-ಮಣ್ಣಿನ ದಪ್ಪ ಗೋಡೆಯ ಹಳೆ ಮನೆಯಲ್ಲಿ ಪಡಸಾಲೆಯ ವೈಫೈ ಹಿಂದಿನ ಖೋಲಿಗೆ ಮುಟ್ಟುವುದಿಲ್ಲ. 5 ಗಿಗಾಹರ್ಟ್ಸ್ ಸಿಗ್ನಲ್ ಅಂತೂ ಇಂಥ ಎರಡು ಗೋಡೆ ದಾಟುವುದು ಕಷ್ಟ. ಹೀಗಾಗಿ ಜನ ಹಳೆಯದೊಂದು ರೌಟರ್ ತಂದು ಕೇಬಲ್ ಎಳೆದು ಒಳಗಿಡುತ್ತಾರೆ. ವಿಚಾರ ಒಳ್ಳೆಯದೇ. ಆದರೆ ಎರಡನೆಯ ರೌಟರಿನಲ್ಲೂ ವಿಳಾಸ ಹಂಚುವ ಡಿಎಚ್‌ಸಿಪಿ ಚಾಲೂ ಉಳಿದರೆ ಒಂದೇ ಮನೆಯಲ್ಲಿ ಇಬ್ಬರು ವಿಳಾಸ ಹಂಚತೊಡಗುತ್ತಾರೆ. ಒಂದು ಮೊಬೈಲಿಗೆ ಸರಿಯಾದ ಗೇಟ್‌ವೇ ಸಿಗುತ್ತದೆ, ಇನ್ನೊಂದಕ್ಕೆ ಇಂಟರ್‌ನೆಟ್ಟೇ ಇಲ್ಲದ ಹಳೆ ರೌಟರಿನ ವಿಳಾಸ ಸಿಗುತ್ತದೆ. ಎರಡೂ ರೌಟರುಗಳು 192.168.1.1 ಆಗಿದ್ದರಂತೂ ಯಾರು ಯಾರಿಗೆ ಉತ್ತರ ಕೊಡುತ್ತಾರೋ ಹೇಳಲಾಗದು. ಬೆಳಿಗ್ಗೆ ಟಿವಿ ನಡೆಯುತ್ತದೆ, ಲ್ಯಾಪ್‌ಟಾಪ್ ನಡೆಯುವುದಿಲ್ಲ. ಸಂಜೆಗೆ ಅದೇ ಉಲ್ಟಾ ಆಗುತ್ತದೆ. ಇಂಥ ಲಕ್ಷಣ ಕಂಡರೆ ಸರ್ವಿಸ್‌ನವರನ್ನು ಬೈಯುವ ಬದಲು ಎರಡನೆಯ ರೌಟರನ್ನು ಬಿಚ್ಚಿ ಒಂದು ದಿನ ನೋಡಿ.

ಅದನ್ನು ಸರಿಯಾಗಿ ಜೋಡಿಸುವುದು ಹೀಗೆ. ಹಳೆ ರೌಟರನ್ನು ಒಂದೇ ಕಂಪ್ಯೂಟರಿಗೆ ಕೇಬಲ್‌ನಲ್ಲಿ ಹಚ್ಚಿ, ಮುಖ್ಯ ರೌಟರು 192.168.1.1 ಆಗಿದ್ದರೆ ಹಳೆಯದರ ಲ್ಯಾನ್ ವಿಳಾಸವನ್ನು 192.168.1.2 ಮಾಡಿ. ಆಮೇಲೆ ಡಿಎಚ್‌ಸಿಪಿ ಬಂದ್ ಮಾಡಿ ಸೇವ್ ಕೊಡಿ. ಮುಖ್ಯ ರೌಟರಿನಿಂದ ಬರುವ ಕೇಬಲ್ಲನ್ನು ಇದರ ವ್ಯಾನ್ (WAN) ತೂತಿಗಲ್ಲ, ಲ್ಯಾನ್ (LAN) ತೂತಿಗೆ ಹಾಕಿ. ಮುಖ್ಯ ರೌಟರು ಹಂಚುವ ವಿಳಾಸಗಳ ಕೊನೆಯ ಅಂಕಿಯನ್ನು 100ರಿಂದ 199ರವರೆಗೆ ಮಿತಿಗೊಳಿಸಿದರೆ 2ರ ಜೊತೆ ತಿಕ್ಕಾಟ ಬರುವುದಿಲ್ಲ. ವೈಫೈ ಹೆಸರು, ಪಾಸ್‌ವರ್ಡ್ ಎರಡಕ್ಕೂ ಒಂದೇ ಇರಲಿ, 2.4 ಗಿಗಾಹರ್ಟ್ಸ್ ಚಾನೆಲ್ ಮಾತ್ರ ಒಂದಕ್ಕೆ 1, ಇನ್ನೊಂದಕ್ಕೆ 6 ಅಥವಾ 11 ಕೊಡಿ.

ಕರೆಂಟಿನದು ಬೇರೆಯೇ ಕಥೆ. ಲೈಟ್ ಕಣ್ಣು ಮಿಟುಕಿಸಿದಷ್ಟೇ ಹೊತ್ತು ಹೋದರೂ, ಇನ್ವರ್ಟರ್ ಬದಲಾಗುವ ಆ ಸಣ್ಣ ಗ್ಯಾಪಿನಲ್ಲಿ ರೌಟರ್ ಸತ್ತು ಎದ್ದೇಳುತ್ತದೆ. ಆಗ ಪಿಪಿಪಿಒಇ ಸಂಪರ್ಕ ನಿಯಮದಂತೆ ಮುಗಿದಿರುವುದಿಲ್ಲ. ಆ ಕಡೆಯ ಸರ್ವರಿನಲ್ಲಿ ನಿಮ್ಮ ಹಳೆ ಲಾಗಿನ್ ಇನ್ನೂ ಕೂತಿರುತ್ತದೆ, ಹೊಸದನ್ನು ಅದು ಒಪ್ಪದಿರಬಹುದು. ಮತ್ತೆ ಮತ್ತೆ ಆಫ್-ಆನ್ ಮಾಡುವುದಕ್ಕಿಂತ ಐದ್ಹತ್ತು ನಿಮಿಷ ರೌಟರ್ ಬಂದ್ ಇಟ್ಟು ಹಚ್ಚುವುದು ಮೇಲು. ಕಾಯಂ ಪರಿಹಾರ ಬೇಕೆಂದರೆ 12 ವೋಲ್ಟಿನ ಸಣ್ಣ ರೌಟರ್ ಯುಪಿಎಸ್ ತನ್ನಿ. ಫೈಬರ್ ಡಬ್ಬಿ ಮತ್ತು ರೌಟರ್ ಬೇರೆ ಬೇರೆ ಇದ್ದರೆ ಎರಡಕ್ಕೂ ಬ್ಯಾಕಪ್ ಬೇಕು. ಅಡಾಪ್ಟರ್ ಬದಲಿಸುವಾಗ ವೋಲ್ಟ್ ಅಷ್ಟೇ ಇರಬೇಕು, ಆಂಪಿಯರ್ ಅಷ್ಟೇ ಅಥವಾ ಹೆಚ್ಚಿರಬೇಕು. 12 ವೋಲ್ಟಿನ ರೌಟರಿಗೆ 9 ವೋಲ್ಟಿನ ಅಡಾಪ್ಟರ್ ಹಚ್ಚಿದರೆ ದೀಪ ಹತ್ತಬಹುದು, ಆದರೆ ನಾಲ್ಕು ಜನ ವಿಡಿಯೊ ಹಚ್ಚಿದಾಗ ರೀಸ್ಟಾರ್ಟ್ ಆಗುತ್ತದೆ. ಹಳೆ ಅಡಾಪ್ಟರ್ ಒಳಗಿನ ಕೆಪಾಸಿಟರ್ ಸೊರಗಿದಾಗಲೂ ಇದೇ ಲಕ್ಷಣ.

ಬೇಸಿಗೆಯಲ್ಲಿ ಮಧ್ಯಾಹ್ನ ಮಾತ್ರ ನೆಟ್ ಹೋಗುತ್ತಿದ್ದರೆ ರೌಟರ್ ಮುಟ್ಟಿ ನೋಡಿ. ಮನೆ ರೌಟರುಗಳನ್ನು ಸಾಮಾನ್ಯವಾಗಿ 40 ಡಿಗ್ರಿವರೆಗಿನ ಗಾಳಿಗೆ ಮಾಡಿರುತ್ತಾರೆ. ಏಪ್ರಿಲ್-ಮೇದಲ್ಲಿ ತಗಡಿನ ಕೆಳಗೆ ಅದಕ್ಕಿಂತ ಹೆಚ್ಚೇ ಇರುತ್ತದೆ. ಅಟ್ಟದಿಂದ ಇಳಿಸಿ ಗಾಳಿಯಾಡುವ ಗೋಡೆಗೆ ತೂಗುಹಾಕಿ, ಸಂದಿಗಳ ಧೂಳು ಬ್ರಷ್‌ನಲ್ಲಿ ತೆಗೆಯಿರಿ.

ಮೊಬೈಲ್ ಅಥವಾ ಡಾಂಗಲ್ ನೆಟ್ಟನ್ನು ಒಂದು ವಿಂಡೋಸ್ ಕಂಪ್ಯೂಟರಿನಿಂದ ಇನ್ನೊಂದಕ್ಕೆ ಹಂಚುವವರಿಗೆ ಒಂದು ಮಾತು. ಹಂಚುವ ಕಂಪ್ಯೂಟರಿನ ವಿಳಾಸ 192.168.137.1 ಆಗುತ್ತದೆ. ವಿಂಡೋಸ್ 10ರಲ್ಲಿ ರೀಸ್ಟಾರ್ಟ್ ಆದ ಮೇಲೆ ಈ ಹಂಚಿಕೆ ನಿಂತುಹೋಗುವುದುಂಟು. ಸರ್ವಿಸಸ್‌ನಲ್ಲಿ ಇಂಟರ್‌ನೆಟ್ ಕನೆಕ್ಷನ್ ಶೇರಿಂಗ್ ಅನ್ನು ಆಟೋಮ್ಯಾಟಿಕ್ ಮಾಡಿ. ಡಿವೈಸ್ ಮ್ಯಾನೇಜರ್‌ನಲ್ಲಿ ನೆಟ್‌ವರ್ಕ್ ಕಾರ್ಡಿನ ಪವರ್ ಮ್ಯಾನೇಜ್‌ಮೆಂಟ್‌ಗೆ ಹೋಗಿ, ವಿದ್ಯುತ್ ಉಳಿಸಲು ಸಾಧನ ಆಫ್ ಮಾಡುವ ಟಿಕ್ ತೆಗೆಯಿರಿ. ಅಷ್ಟಕ್ಕೂ ಸರಿಹೋಗದಿದ್ದರೆ ಶೇರಿಂಗ್ ಟಿಕ್ ತೆಗೆದು ಓಕೆ ಕೊಟ್ಟು, ಮತ್ತೆ ಹಾಕಿ. ದಿನಾ ಹಂಚಬೇಕಿದ್ದರೆ ಸಿಮ್ ಹಾಕುವ ರೌಟರ್ ಕೊಳ್ಳುವುದೇ ವಾಸಿ.

ಕೊನೆಗೆ ಕೇಬಲ್. ಗಿಗಾಬಿಟ್ ಪೋರ್ಟ್ ಇದ್ದೂ ವೇಗ 100 ಎಂಬಿಪಿಎಸ್‌ಗೆ ಇಳಿದಿದ್ದರೆ ಎಂಟು ಎಳೆಗಳಲ್ಲಿ ಒಂದಾದರೂ ಕಡಿದಿದೆ ಅಥವಾ ಪ್ಲಗ್ಗಿನಲ್ಲಿ ಸರಿಯಾಗಿ ಕೂತಿಲ್ಲ ಎಂದೇ ಅನುಮಾನಪಡಿ. 100ಕ್ಕೆ ನಾಲ್ಕೇ ಎಳೆ ಸಾಕು, ಗಿಗಾಬಿಟ್‌ಗೆ ಎಂಟೂ ಬೇಕು. ಕೊಳ್ಳುವಾಗ ಅಲ್ಯುಮಿನಿಯಂ ಮೇಲೆ ತಾಮ್ರ ಲೇಪಿಸಿದ್ದನ್ನು ಬಿಟ್ಟು ಪೂರ್ತಿ ತಾಮ್ರದ ಕ್ಯಾಟ್ 6 ಕೇಳಿ. ಮಾಳಿಗೆಯ ಮೇಲಿಂದ ಅಣ್ಣನ ಮನೆಗೋ ಅಂಗಡಿಗೋ ತಾಮ್ರದ ಕೇಬಲ್ ಎಳೆದಿದ್ದರೆ, ಮಳೆಗಾಲದ ಮೊದಲ ಸಿಡಿಲಿಗೇ ಎರಡೂ ಕಡೆಯ ಪೋರ್ಟ್ ಸುಡಬಹುದು. ಅಲ್ಲಿ ಫೈಬರ್ ಎಳೆದು ಎರಡು ತುದಿಗೆ ಬೆಳಕಿನ ಸಿಗ್ನಲನ್ನು ತಾಮ್ರದ ಕೇಬಲ್ಲಿಗೆ ಬದಲಿಸುವ ಮೀಡಿಯಾ ಕನ್ವರ್ಟರ್ ಹಾಕಿ. ಅಷ್ಟು ಖರ್ಚು ಈಗ ಬೇಡವೆಂದರೆ, ಮೋಡ ಕಟ್ಟಿದಾಗಲೇ ಆ ಕೇಬಲ್ಲನ್ನು ಎರಡೂ ತುದಿಯಲ್ಲಿ ಕಿತ್ತಿಡಿ. ಸಿಡಿಲು ಶುರುವಾದ ಮೇಲೆ ಅದನ್ನು ಮುಟ್ಟಬೇಡಿ.